ತಮ್ಮ ಬೀಡಿ ಬಿಟ್ಟ ವಾರ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಎರಡು ಥರದ ಮಾತ್ರೆಗಳನ್ನು ಪೂರ್ತಿ ಡೋಸ್‌ನಲ್ಲಿ ತಿಂಗಳುಗಟ್ಟಲೆ ಕೊಟ್ಟಿದ್ದಾಯಿತು. ಕಿವಿಯಲ್ಲಿ ಬೈಯುವ ದನಿಗಳು ನಿಲ್ಲಲಿಲ್ಲ. ಆಗ ಡಾಕ್ಟರು ಕ್ಲೋಜಪೈನ್ ಹೆಸರೆತ್ತಿದರು.

ಇದರಿಂದ ಬಿಳಿ ರಕ್ತಕಣ ಕುಸಿಯುವ ಅಪಾಯವಿದೆ. 1975ರಲ್ಲಿ ಫಿನ್ಲೆಂಡ್‌ನಲ್ಲಿ ಜನ ಸತ್ತ ಮೇಲೆ ಈ ಔಷಧಿ ಮೂಲೆಗೆ ಬಿದ್ದಿತ್ತು. 1988ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ, ಬೇರೆ ಮಾತ್ರೆಗೆ ಬಗ್ಗದವರ ಪೈಕಿ ನೂರಕ್ಕೆ 30 ಜನ ಆರೇ ವಾರದಲ್ಲಿ ಸುಧಾರಿಸಿದರು. ಅಲ್ಲಿಂದ ಮತ್ತೆ ಬೆಲೆ ಬಂತು. ಆದರೆ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

25ರ ಮಾತ್ರೆಯಲ್ಲಿ ಅರ್ಧ, ಅಂದರೆ 12.5 ಮಿ.ಗ್ರಾಂ.ನಿಂದ ಶುರು ಮಾಡಿದೆವು. 350ಕ್ಕೆ ಹೋಗಲು ತಿಂಗಳ ಮೇಲೆ ಹಿಡಿಯಿತು. ಮೊದಲ 18 ವಾರ ಪ್ರತಿ ಸೋಮವಾರ ಲ್ಯಾಬ್. ಹಾಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕದಲ್ಲೇ ಗೀಟು ಹಾಕಿದೆ: ರಕ್ತಕಣ, ತೂಕ, ಬೆಳಿಗ್ಗೆ ಹೊಟ್ಟೆ ಖಾಲಿ ಆಯಿತಾ. ನಗಬೇಡಿ. ಈ ಮಾತ್ರೆಯಲ್ಲಿ ಮಲಬದ್ಧತೆ ಜೀವಕ್ಕೇ ಕುತ್ತು ತರಬಹುದು. ರಾತ್ರಿಯ ಜೊಲ್ಲಿಗೆ ದಿಂಬಿನ ಮೇಲೊಂದು ಟವೆಲ್, ಅಷ್ಟೇ.

ನಾನು ಎಡವಿದ್ದು ಬೇರೆ ಕಡೆ. ಅವನು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ. ಒಂದಿನ ತಾನಾಗಿಯೇ ಬಿಟ್ಟ. ಖುಷಿಗೆ ಪಾಯಸ ಮಾಡಿದೆ. ವಾರ ಕಳೆಯುವಷ್ಟರಲ್ಲಿ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ತೂಕಡಿಸತೊಡಗಿದ. ಸಾರು ಆರಿ ಕೆನೆಗಟ್ಟಿದರೂ ತುತ್ತು ಮೇಲೇಳದು. ನಡೆದರೆ ಗೋಡೆ ಹಿಡಿಯುತ್ತಿದ್ದ. ಕಾಯಿಲೆ ಕೆರಳಿತು ಅಂದುಕೊಂಡೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬೀಡಿ ಬಿಟ್ನಾ?"

ಬೀಡಿಯ ಹೊಗೆ ಲಿವರ್‌ನ ಕೆಲಸ ಚುರುಕು ಮಾಡಿ ಈ ಔಷಧಿಯನ್ನು ಬೇಗ ಕರಗಿಸುತ್ತದಂತೆ. ಹೊಗೆ ನಿಂತರೆ ಅದೇ ಡೋಸ್ ರಕ್ತದಲ್ಲಿ ಏರಿಬಿಡುತ್ತದೆ. ಅವರು 250ಕ್ಕೆ ಇಳಿಸಿದರು. ಪುಸ್ತಕದಲ್ಲಿ ಇನ್ನೊಂದು ಗೀಟು ಬಂತು: ಬೀಡಿ. ಡೋಸ್ ಮಾತ್ರ ನಾನಾಗಿ ಯಾವತ್ತೂ ಮುಟ್ಟಿಲ್ಲ. ಎರಡು ದಿನ ತಪ್ಪಿದರೂ ಮತ್ತೆ ಆ ಅರ್ಧ ಮಾತ್ರೆಯಿಂದಲೇ ಏರಬೇಕು. ಹಾಗಾಗಿ ಮದುವೆಮನೆಗೆ ಹೊರಟರೆ ಸೀರೆಗಿಂತ ಮೊದಲು ಬ್ಯಾಗಿಗೆ ಬೀಳುವುದು ಅವನ ಮಾತ್ರೆ ಡಬ್ಬಿ.

ದನಿಗಳು ಪೂರ್ತಿ ಹೋಗಿಲ್ಲ. ಜೊತೆಗೆ ಇಸಿಟಿ, ಅಂದರೆ ತಲೆಗೆ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ, ಕೊಡಬಹುದು, ಅರಿವಳಿಕೆ ಕೊಟ್ಟೇ ಮಾಡುತ್ತೇವೆ ಎಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಬೇಡ ಅಂತಾನೆ ತಮ್ಮ. ಅದು ಅವನ ತಲೆ, ಅವನೇ ಹೇಳಲಿ ಅಲ್ವಾ?

ಮೊನ್ನೆ ಪುಸ್ತಕ ಕೇಳಿ ತೆಗೆದುಕೊಂಡ. "ಅಕ್ಕ, ಇವತ್ತು ಅವರು ಮೆಲ್ಲಗೆ ಬೈದರು. ಇದನ್ನ ಯಾವ ಗೀಟಲ್ಲಿ ಬರೀಲಿ?" ಅಂದ.