ಗೀಸರ್‌ಗೆ ಎಂಸಿಬಿಯೊಂದೇ ಸಾಲದು

ಗೀಸರ್‌ನೊಳಗಿನ ಕಾಯಿಲ್ ಬಿರುಕು ಬಿಟ್ಟರೆ 230 ವೋಲ್ಟ್ ವಿದ್ಯುತ್ತು ನೀರಿಗೂ ಲೋಹದ ಮೈಗೂ ತಗಲುತ್ತದೆ. ಮಿತಿಮೀರಿ ಕರೆಂಟು ಹರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಇರುವಾಗ ಭಯವೇನು ಎಂದು ಕೇಳುವವರು ಬಹಳ ಮಂದಿ. ಆದರೆ 16 ಆಂಪಿಯರ್ ಎಂಸಿಬಿ ಇರುವುದು ವೈರು ಸುಡದಂತೆ ತಡೆಯಲು. ಮನುಷ್ಯನ ಹೃದಯದ ಬಡಿತ ಕೆಡಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಸಾಕಾದ್ದರಿಂದ, ನಮಗೆ ಶಾಕ್ ಹೊಡೆಯುತ್ತಿರುವುದು ಅದಕ್ಕೆ ತಿಳಿಯುವುದೇ ಇಲ್ಲ.

ಆದ್ದರಿಂದ ಮೊದಲು, ಲೋಹದ ಮೈಗೆ ತಗಲಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಉದ್ದವಾಗಿರುವುದು, ಅದು ಎಲ್ಲಕ್ಕಿಂತ ಮೊದಲು ಕೂಡಿಕೊಂಡು ಕೊನೆಗೆ ಬಿಡಲಿ ಎಂದೇ. ಆ ಪಿನ್ನಿನ ಹಿಂದೆ ವೈರೇ ಇಲ್ಲದ, ಇಲ್ಲವೇ ಸಾಕೆಟ್‌ನೊಳಗೇ ಅದನ್ನು ನ್ಯೂಟ್ರಲ್‌ಗೆ (ಕರೆಂಟು ಮರಳುವ ವೈರಿಗೆ) ಸೇರಿಸಿಬಿಟ್ಟ ಮನೆಗಳಿವೆ. ಎರಡನೆಯದು ಹೆಚ್ಚು ಅಪಾಯ: ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಗೀಸರ್ ಕೆಡದೆಯೇ ಅದರ ಮೈಗೆಲ್ಲ ವಿದ್ಯುತ್ತು ಬರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ದುರ್ಬಲವಾಗುವುದರಿಂದ ಅರ್ಥ್ ವೈರನ್ನು ಹೂತ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ಎರಡನೆಯದಾಗಿ, ಮೀಟರ್ ಬೋರ್ಡ್‌ನ ಬಳಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ತಾನಾಗಿ ಬೀಳುವ ಸ್ವಿಚ್, ಹಾಕಿಸಿ. ಫೇಸ್‌ನಲ್ಲಿ (ಕರೆಂಟು ಬರುವ ವೈರಿನಲ್ಲಿ) ಹೋದಷ್ಟು ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಮರಳದಿದ್ದರೆ, ಅದು ಬೇರೆಲ್ಲೋ, ಬಹುಶಃ ಯಾರದೋ ಮೈಯ ಮೂಲಕ, ನೆಲಕ್ಕೆ ಸೋರುತ್ತಿದೆಯೆಂದು ಗ್ರಹಿಸಿ ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ. ಅರ್ಥಿಂಗ್ ಕೈಕೊಟ್ಟ ದಿನ ನಮ್ಮನ್ನು ಕಾಯುವುದು ಇದು. ಆದರೆ ಒಂದು ಕೈ ಫೇಸನ್ನೂ ಇನ್ನೊಂದು ನ್ಯೂಟ್ರಲನ್ನೂ ಮುಟ್ಟಿ, ನೆಲಕ್ಕೆ ಏನೂ ಸೋರದಿದ್ದರೆ ಇದೂ ಕಾಯಲಾರದು. ಓವರ್‌ಲೋಡ್ ತಡೆಯುವುದು ಇದರ ಕೆಲಸವಲ್ಲವಾದ್ದರಿಂದ ಎಂಸಿಬಿಯನ್ನು ತೆಗೆಸಲೂಬಾರದು. ಇನ್ವರ್ಟರ್ ಇದ್ದರೆ, ಅದರಿಂದ ಬರುವ ಲೈನಿಗೂ ಈ ರಕ್ಷಣೆ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಿ.

ಅರ್ಥಿಂಗ್, ಆರ್‌ಸಿಸಿಬಿ ಕೆಟ್ಟರೂ ದೀಪ ಉರಿಯುತ್ತದೆ, ನೀರು ಕಾಯುತ್ತದೆ. ಕೆಟ್ಟದ್ದು ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಆರ್‌ಸಿಸಿಬಿಯ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟು ಇದ್ದೂ ಲಿವರ್ ಕೆಳಗೆ ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ಗೀಸರ್ ಹಾಕಬೇಡಿ. ಈ ಗುಂಡಿಯಿಂದ ಅರ್ಥಿಂಗ್ ಸರಿಯಿದೆಯೆಂದು ತಿಳಿಯದು. ಅದನ್ನು ಅರ್ಥ್ ಟೆಸ್ಟರ್‌ನಿಂದಲೇ ಅಳೆಸಬೇಕು.

ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಬಿಟ್ಟು ನೇರ ಸಂಪರ್ಕ ಕೊಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ, ಆರ್‌ಸಿಸಿಬಿಯನ್ನು ಮೇಲೆತ್ತಿ, ಒಂದೊಂದನ್ನೇ ಹಾಕುತ್ತಾ ಬಂದರೆ ಸಾಮಾನ್ಯವಾಗಿ ಸೋರುವ ಲೈನು ಸಿಗುತ್ತದೆ. ಅದು ಗೀಸರ್‌ನ ಲೈನೇ ಆಗಿದ್ದರೆ, ರಿಪೇರಿಯಾಗುವವರೆಗೆ ನೀರನ್ನು ಒಲೆಯ ಮೇಲೆ ಕಾಯಿಸಿಕೊಳ್ಳಿ.