ಎಂಎಸ್ ಇದ್ದವರ ಕಣ್ಣು: ಯಾರ ಹತ್ತಿರ ಹೋಗಬೇಕು, ಹೋಗಿ ಏನು ಹೇಳಬೇಕು

ಎಂಎಸ್, ಅಂದರೆ ಮೆದುಳು ಮತ್ತು ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇದ್ದವರಿಗೆ ಕಣ್ಣು ಮಂಜಾದರೆ ಮೊದಲು ನೆನಪಾಗುವುದು ಕನ್ನಡಕದ ಅಂಗಡಿ. ಅಲ್ಲಿ ಅಕ್ಷರದ ಬೋರ್ಡ್ ಓದಿಸುತ್ತಾರೆ, ಒಂದಾದ ಮೇಲೊಂದು ಲೆನ್ಸ್ ಹಾಕಿ ನೋಡುತ್ತಾರೆ, ಕೊನೆಗೆ ನಂಬರ್ ಏನೂ ಬದಲಾಗಿಲ್ಲ ಅನ್ನುತ್ತಾರೆ. ಮಂಜು ಮಾತ್ರ ಹಾಗೇ ಇರುತ್ತದೆ. ಇದರಲ್ಲಿ ಅವರ ತಪ್ಪೇನಿಲ್ಲ. ಎಂಎಸ್‌ನಲ್ಲಿ ಸಾಮಾನ್ಯವಾಗಿ ಕೆಡುವುದು ಕಣ್ಣುಗುಡ್ಡೆಯಲ್ಲ. ಅದರ ಹಿಂದಿನ ನರ, ಇಲ್ಲವೇ ಎರಡೂ ಕಣ್ಣನ್ನು ಒಟ್ಟಿಗೆ ತಿರುಗಿಸುವ ಮೆದುಳಿನ ಭಾಗ. ಕ್ಯಾಮೆರಾ ಚೆನ್ನಾಗಿದೆ, ಕೇಬಲ್ ಹಾಳಾಗಿದೆ ಅಂದುಕೊಳ್ಳಿ. ಹಾಗಾಗಿ ಹೊಸ ಕನ್ನಡಕ ಮಾಡಿಸುವ ಮೊದಲು ತೊಂದರೆ ಯಾವ ಥರದ್ದು ಅಂತ ತಿಳಿದುಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ

ಕೈಯನ್ನು ಬಟ್ಟಲಿನ ಹಾಗೆ ಮಾಡಿ ಒಂದು ಕಣ್ಣು ಮುಚ್ಚಿಕೊಳ್ಳಿ. ಒತ್ತಬೇಡಿ, ಒತ್ತಿದರೆ ಆ ಕಣ್ಣು ಸುಮ್ನೆ ಸ್ವಲ್ಪ ಹೊತ್ತು ಮಂಜಾಗುತ್ತದೆ. ಈಗ ಎದುರಿಗಿರುವ ಗಡಿಯಾರವನ್ನೋ ಕ್ಯಾಲೆಂಡರನ್ನೋ ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅದನ್ನೇ ನೋಡಿ.

ಒಂದೇ ಕಣ್ಣಿನಲ್ಲಿ ಮಸುಕು, ಇನ್ನೊಂದರಲ್ಲಿ ಸರಿ ಇದೆ ಅಂದರೆ ಆ ಕಣ್ಣಿನ ನರದ ಮೇಲೆ ಅನುಮಾನ ಪಡಬೇಕು. ಎರಡೂ ಕಣ್ಣು ತೆರೆದಾಗ ಒಂದು ವಸ್ತು ಎರಡಾಗಿ ಕಂಡು, ಯಾವ ಕಣ್ಣು ಮುಚ್ಚಿದರೂ ಒಂದೇ ಆಗುತ್ತದೆ ಅಂದರೆ ಕಣ್ಣುಗಳ ಹೊಂದಾಣಿಕೆ ತಪ್ಪಿದೆ. ಒಂದು ಕಣ್ಣು ಮುಚ್ಚಿದ ಮೇಲೂ ಎರಡಾಗಿಯೇ ಕಾಣುತ್ತಿದ್ದರೆ ಅದು ಹೆಚ್ಚಾಗಿ ಕಣ್ಣಿನದೇ ತೊಂದರೆ. ಪೊರೆ, ಒಣಗಿದ ಕಣ್ಣು, ಕನ್ನಡಕದ ನಂಬರ್, ಇಂಥದ್ದು. ಅದಕ್ಕೆ ಮಾಮೂಲಿ ಕಣ್ಣಿನ ಡಾಕ್ಟರೇ ಸಾಕು. ಇನ್ನು ನೋಡುವ ವಸ್ತುವೇ ಅಲುಗಾಡಿದ ಹಾಗೆ, ಅಕ್ಷರಗಳು ಕುಣಿದ ಹಾಗೆ ಕಂಡರೆ ಕಣ್ಣುಗಳು ತಾವಾಗಿಯೇ ಅಲುಗುತ್ತಿರಬಹುದು. ಇದಕ್ಕೆ ನಿಸ್ಟಾಗ್ಮಸ್ ಅನ್ನುತ್ತಾರೆ.

ಇನ್ನೊಂದು ಸಣ್ಣ ಪರೀಕ್ಷೆ. ಗಾಢ ಕೆಂಪು ಬಣ್ಣದ ಬಾಟಲಿ ಮುಚ್ಚಳ ತಗೊಂಡು ಒಳ್ಳೆ ಬೆಳಕಿನಲ್ಲಿ ಒಂದೊಂದೇ ಕಣ್ಣಿನಿಂದ ನೋಡಿ. ಒಂದು ಕಣ್ಣಿಗೆ ಅದು ಕೆಂಪಾಗಿಯೂ ಇನ್ನೊಂದಕ್ಕೆ ತೊಳೆದು ಮಾಸಿದ ಹಾಗೆ, ಕಿತ್ತಳೆಯೋ ಇಟ್ಟಿಗೆ ಬಣ್ಣವೋ ಆಗಿಯೂ ಕಂಡರೆ ಡಾಕ್ಟರಿಗೆ ತಪ್ಪದೆ ಹೇಳಿ. ನರಕ್ಕೆ ಪೆಟ್ಟಾದಾಗ ಬಣ್ಣ, ಅದರಲ್ಲೂ ಕೆಂಪು, ಬೇಗ ಮಾಸುತ್ತದೆ. ಅಕ್ಷರದ ಬೋರ್ಡ್‌ನಲ್ಲಿ 6/6 ಬಂದವರಿಗೂ ಹೀಗಾಗಬಹುದು.

ಕಂಡದ್ದನ್ನು ಫೋನಿನಲ್ಲಿ ಬರೆದಿಡಿ. ಉದ್ದ ಬೇಡ. "ಮಂಗಳವಾರ ಬೆಳಿಗ್ಗೆಯಿಂದ ಬಲಗಣ್ಣು ಮಂಜು. ಪಕ್ಕಕ್ಕೆ ನೋಡಿದರೆ ಹಿಂದೆ ನೋವು. ಕೆಂಪು ಮಾಸಲು. ಗುರುವಾರಕ್ಕೆ ಇನ್ನೂ ಜಾಸ್ತಿ. ಜ್ವರ ಇಲ್ಲ." ಇಷ್ಟು ಸಾಕು. ಇದನ್ನು ಓದಿದ ನರರೋಗ ತಜ್ಞರಿಗೆ, ಅಂದರೆ ನ್ಯೂರಾಲಜಿಸ್ಟ್‌ಗೆ, ಬಹುಪಾಲು ವಿಷಯ ಗೊತ್ತಾಗುತ್ತದೆ.

ಯಾವಾಗ ಓಡಬೇಕು, ಯಾವಾಗ ಸ್ವಲ್ಪ ಕಾಯಬಹುದು

ಮೇಲಿನ ಟಿಪ್ಪಣಿಯಲ್ಲಿ ಇರುವುದು ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನ ನರದ ಉರಿಯೂತದ ಚಿತ್ರ. ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ದೃಷ್ಟಿ ಇಳಿಯುತ್ತದೆ, ಹೆಚ್ಚಾಗಿ ಒಂದೇ ಕಣ್ಣು, ಹತ್ತರಲ್ಲಿ ಒಂಬತ್ತು ಜನರಿಗೆ ನೋವೂ ಇರುತ್ತದೆ. ಎಷ್ಟೋ ಜನರಿಗೆ ಎಂಎಸ್ ಇದೆ ಅಂತ ಮೊದಲು ಗೊತ್ತಾಗುವುದೇ ಇದರಿಂದ. ಇಂಥದ್ದು ಶುರುವಾದರೆ ಅವತ್ತೇ ನಿಮ್ಮ ನ್ಯೂರಾಲಜಿಸ್ಟ್‌ಗೆ ತಿಳಿಸಿ, ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಆದರೆ ಬಿಸಿಲಲ್ಲಿ ನಡೆದಾಗ, ಬಿಸಿನೀರಿನ ಸ್ನಾನ ಮಾಡಿದಾಗ, ವ್ಯಾಯಾಮ ಮಾಡಿದಾಗ ಕಣ್ಣು ಮಂಜಾಗಿ, ಮೈ ತಣ್ಣಗಾದ ಮೇಲೆ ಸರಿಹೋದರೆ ಗಾಬರಿ ಬೇಡ. 1890ರಲ್ಲಿ ವಿಲ್ಹೆಲ್ಮ್ ಊಟಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಇದನ್ನು ವಿವರಿಸಿದರು, ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಹಿಂದೆ ಪೆಟ್ಟಾದ ನರ ಬಿಸಿಗೆ ಸರಿಯಾಗಿ ಸಂಕೇತ ಕಳಿಸುವುದಿಲ್ಲ, ಅಷ್ಟೇ. ಹೊಸ ಹಾನಿ ಆಗಿದೆ ಅಂತಲ್ಲ. ಜ್ವರ ಅಥವಾ ಮೂತ್ರದ ಸೋಂಕು ಇದ್ದಾಗಲೂ ಹಳೆ ತೊಂದರೆ ಹೀಗೇ ತಲೆ ಎತ್ತುತ್ತದೆ, ಆಗ ಮೊದಲು ಸೋಂಕಿಗೆ ಮದ್ದು ಮಾಡಬೇಕು. ಜ್ವರವೂ ಇಲ್ಲ, ಸೋಂಕೂ ಇಲ್ಲ, 24 ಗಂಟೆ ದಾಟಿದರೂ ಇಳಿದಿಲ್ಲ ಅಂದರೆ ಅದನ್ನು ಎಂಎಸ್‌ನ ಹೊಸ ಅಟ್ಯಾಕ್ ಅಂತ ನೋಡುತ್ತಾರೆ.

ಹಾಗಂತ ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟಬೇಡಿ. ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗಿ ಪರದೆ ಇಳಿದಂತೆ ಕಾಣುವುದು, ಕಣ್ಣು ಕೆಂಪಾಗಿ ವಿಪರೀತ ನೋವು ಮತ್ತು ವಾಂತಿ, ರೆಪ್ಪೆ ಜೋತುಬಿದ್ದು ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುವುದು, ಒಮ್ಮೆಗೇ ಪೂರ್ತಿ ಕತ್ತಲೆ, ಇವೆಲ್ಲ ಬೇರೆ ತುರ್ತು ಕಾಯಿಲೆಗಳ ಗುರುತು. ನೇರ ಎಮರ್ಜೆನ್ಸಿಗೆ ಹೋಗಿ.

ಯಾರ ಹತ್ತಿರ

ಆಪ್ಟೋಮೆಟ್ರಿಸ್ಟ್ ನಂಬರ್ ನೋಡುತ್ತಾರೆ. ಕಣ್ಣಿನ ಡಾಕ್ಟರ್ ಪೊರೆ, ಕಣ್ಣಿನ ಒತ್ತಡ, ರೆಟಿನಾ ಅಂದರೆ ಕಣ್ಣಿನ ಒಳಗಿನ ಹಿಂಬದಿಯ ಪರದೆ, ಇವನ್ನು ನೋಡುತ್ತಾರೆ. ನರ ಮತ್ತು ಕಣ್ಣು ಎರಡನ್ನೂ ಸೇರಿಸಿ ನೋಡುವವರು ನ್ಯೂರೋ ಆಫ್ತಾಲ್ಮಾಲಜಿಸ್ಟ್. ಎಂಎಸ್‌ಗೆ ಬೇಕಾದವರು ಇವರೇ. ಕಷ್ಟ ಏನೆಂದರೆ ಇವರ ಸಂಖ್ಯೆ ಎಲ್ಲ ಕಡೆಯೂ ಕಡಿಮೆ, ಕಾಯಬೇಕಾಗುತ್ತದೆ. ಅದಕ್ಕೇ ಕಣ್ಣು ಚೆನ್ನಾಗಿರುವಾಗಲೇ ನ್ಯೂರಾಲಜಿಸ್ಟ್ ಹತ್ತಿರ ರೆಫರಲ್ ಬರೆಸಿಕೊಂಡು ಒಮ್ಮೆ ತೋರಿಸಿಬಿಡಿ. ಅಟ್ಯಾಕ್ ಬಂದಾಗ ಹೋಲಿಸಿ ನೋಡಲು ಹಳೆಯ ಲೆಕ್ಕ ಅವರ ಹತ್ತಿರ ಇರುತ್ತದೆ. ಸಿಗಲೇ ಇಲ್ಲವೆಂದರೆ ಮಾಮೂಲಿ ಕಣ್ಣಿನ ಡಾಕ್ಟರ್ ಮತ್ತು ನಿಮ್ಮ ನ್ಯೂರಾಲಜಿಸ್ಟ್ ಇಬ್ಬರೂ ಪರಸ್ಪರ ಪತ್ರ ಬರೆಯುವ ಹಾಗೆ ನೋಡಿಕೊಳ್ಳಿ. ಇದನ್ನು ನೀವೇ ಬೆನ್ನು ಹತ್ತಿ ಮಾಡಿಸಬೇಕಾಗುತ್ತದೆ, ತಾನಾಗಿ ಆಗುವುದು ಅಪರೂಪ.

ಹೋದ ಕೂಡಲೇ "ನನಗೆ ಎಂಎಸ್ ಇದೆ" ಅಂತ ಮೊದಲ ಮಾತಿಗೇ ಹೇಳಿ. ಯಾಕೆಂದರೆ ಆಪ್ಟಿಕ್ ನ್ಯೂರೈಟಿಸ್ ಆದ ಮೂವರಲ್ಲಿ ಸುಮಾರು ಇಬ್ಬರಿಗೆ ಉರಿಯೂತ ಕಣ್ಣುಗುಡ್ಡೆಯ ಹಿಂದೆಯೇ ಇರುತ್ತದೆ. ಆರಂಭದಲ್ಲಿ ಒಳಗೆ ಬೆಳಕು ಬಿಟ್ಟು ನೋಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಂಎಸ್ ಇದೆ ಅಂತ ಗೊತ್ತಿಲ್ಲದ ಡಾಕ್ಟರ್ "ಕಣ್ಣು ಚೆನ್ನಾಗಿದೆ" ಅಂತ ಕಳಿಸಿದರೆ ಆಶ್ಚರ್ಯವಿಲ್ಲ, ಅಲ್ವಾ?

ಯಾವ ಪರೀಕ್ಷೆ ಕೇಳಬೇಕು

ಅಕ್ಷರದ ಬೋರ್ಡ್ ಒಂದೇ ಸಾಲದು. ಬಣ್ಣದ ಪರೀಕ್ಷೆ, ಮಸುಕು ಅಕ್ಷರ ಓದಿಸುವ ಕಾಂಟ್ರಾಸ್ಟ್ ಪರೀಕ್ಷೆ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಪರೀಕ್ಷೆ, ಇವನ್ನು ಕೇಳಿ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸಿ ಪಾಪೆ ಹೇಗೆ ಕುಗ್ಗುತ್ತದೆ ಅಂತ ನೋಡುವ ಪರೀಕ್ಷೆ ಬಹಳ ಮುಖ್ಯ, ಅರ್ಧ ನಿಮಿಷದ ಕೆಲಸ. ಆದರೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಇದನ್ನು ಮಾಡಲು ಆಗುವುದಿಲ್ಲ. ಎಷ್ಟೋ ಕಡೆ ಡಾಕ್ಟರ್ ನೋಡುವ ಮೊದಲೇ ಸಿಬ್ಬಂದಿ ಡ್ರಾಪ್ಸ್ ಹಾಕಿಬಿಡುತ್ತಾರೆ. "ಪಾಪೆ ಪರೀಕ್ಷೆ ಆಯಿತಾ?" ಅಂತ ಕೇಳಿಯೇ ಹಾಕಿಸಿಕೊಳ್ಳಿ. ಡ್ರಾಪ್ಸ್ ಹಾಕಿದ ದಿನ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಗಾಡಿ ಓಡಿಸಬೇಡಿ.

ಓಸಿಟಿ ಅನ್ನುವುದು ರೆಟಿನಾದ ಸ್ಕ್ಯಾನ್. ನೋವಿಲ್ಲ, ಕೆಲವೇ ನಿಮಿಷ. ಕಣ್ಣಿನ ನರದ ಎಳೆಗಳ ಪದರ ಎಷ್ಟು ದಪ್ಪ ಇದೆ ಅಂತ ಮೈಕ್ರೋಮೀಟರ್‌ನಲ್ಲಿ ತೋರಿಸುತ್ತದೆ. ಒಂದು ವಿಷಯ ನೆನಪಿಡಿ: ಅಟ್ಯಾಕ್ ಆದ ಹೊಸದರಲ್ಲಿ ನರ ಊದಿಕೊಂಡು ಪದರ ದಪ್ಪ ಕಾಣಬಹುದು, ನಿಜವಾದ ನಷ್ಟ ಗೊತ್ತಾಗುವುದು ಕೆಲವು ತಿಂಗಳಾದ ಮೇಲೆ. ಹಾಗಾಗಿ ಒಂದು ಸ್ಕ್ಯಾನ್ ನೋಡಿ ಸಮಾಧಾನ ಪಡಬೇಡಿ. ಆದಷ್ಟು ಅದೇ ಯಂತ್ರದಲ್ಲಿ ಮತ್ತೆ ಮಾಡಿಸಿ, ಪ್ರಿಂಟ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಎರಡೂ ಕಣ್ಣು ಒಟ್ಟಿಗೆ ಹೋದರೆ, ದೃಷ್ಟಿ ತೀರಾ ಕಡಿಮೆಯಾದರೆ, ವಾರಗಳು ಕಳೆದರೂ ಚೇತರಿಕೆ ಕಾಣದಿದ್ದರೆ ಅಕ್ವಪೊರಿನ್-4 ಮತ್ತು ಮಾಗ್ (MOG) ಅನ್ನುವ ಆಂಟಿಬಾಡಿಗಳ ರಕ್ತಪರೀಕ್ಷೆ ಬೇಕಾ ಅಂತ ಕೇಳಿ. ಎಂಎಸ್ ಥರವೇ ಕಾಣುವ ಎನ್‌ಎಂಓ ಅನ್ನುವ ಬೇರೆ ಕಾಯಿಲೆ ಇದೆ. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳು ಅದನ್ನು ಇನ್ನೂ ಕೆಡಿಸುತ್ತವೆ.

ಚಿಕಿತ್ಸೆ, ಔಷಧಿ

ಆಪ್ಟಿಕ್ ನ್ಯೂರೈಟಿಸ್‌ಗೆ ಸಾಮಾನ್ಯವಾಗಿ ಮೂರರಿಂದ ಐದು ದಿನ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ. 1992ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ವಿಷಯ ಗೊತ್ತಾದವು. ರಕ್ತನಾಳಕ್ಕೆ ಕೊಟ್ಟ ಸ್ಟೀರಾಯ್ಡ್ ದೃಷ್ಟಿಯನ್ನು ಬೇಗ ಮರಳಿಸುತ್ತದೆ, ಆದರೆ ಕೊನೆಗೆ ಎಷ್ಟು ಮರಳುತ್ತದೆ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕಡಿಮೆ ಪ್ರಮಾಣದ ಪ್ರೆಡ್ನಿಸೋನ್ ಮಾತ್ರೆ ಮಾತ್ರ ನುಂಗಿದವರಿಗೆ ಅಟ್ಯಾಕ್ ಮರುಕಳಿಸುವುದು ಜಾಸ್ತಿಯಾಯಿತು. ಆದ್ದರಿಂದ ಮನೆಯಲ್ಲಿ ಉಳಿದ ಹಳೆಯ ಮಾತ್ರೆ ನುಂಗುವ ಯೋಚನೆ ಬಿಡಿ. ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆಯೂ ಇದೆ.

ಔಷಧಿಯಿಂದಲೂ ಕಣ್ಣು ಕೆಡಬಹುದು. ಎಂಎಸ್‌ಗೆ ಕೊಡುವ ಫಿಂಗೋಲಿಮೋಡ್ ತಗೊಳ್ಳುವ ಕೆಲವರಿಗೆ ರೆಟಿನಾದ ನಡುಭಾಗ ಊದಿಕೊಳ್ಳುತ್ತದೆ. ಶುರು ಮಾಡುವ ಮೊದಲೊಮ್ಮೆ, ಮೂರು ನಾಲ್ಕು ತಿಂಗಳಾದ ಮೇಲೊಮ್ಮೆ ಕಣ್ಣು ತೋರಿಸಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಎಚ್ಚರ. ಪದೇ ಪದೇ ಸ್ಟೀರಾಯ್ಡ್ ಆದವರಿಗೆ ಪೊರೆ ಮತ್ತು ಕಣ್ಣಿನ ಒತ್ತಡ ನೋಡಿಸಬೇಕು. ಮೂತ್ರದ ಅವಸರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕಣ್ಣನ್ನು ಒಣಗಿಸಿ ಹತ್ತಿರದ ಓದನ್ನು ಮಸುಕು ಮಾಡುತ್ತವೆ. ತಾವಾಗಿ ನಿಲ್ಲಿಸಬೇಡಿ, ಮಾತ್ರೆಗಳ ಪಟ್ಟಿ ಪೂರ್ತಿ ತೋರಿಸಿ.

ಎರಡಾಗಿ ಕಾಣುವವರು ಪಕ್ಕಪಕ್ಕ ಕಾಣುತ್ತದಾ, ಮೇಲೆ ಕೆಳಗೆ ಕಾಣುತ್ತದಾ, ಯಾವ ಕಡೆ ನೋಡಿದಾಗ ಜಾಸ್ತಿ ಅಂತ ಗಮನಿಸಿ ಹೇಳಿ. ಎರಡು ಚಿತ್ರವನ್ನು ಒಂದಾಗಿಸಲು ಕನ್ನಡಕಕ್ಕೆ ಅಂಟಿಸುವ ಫ್ರೆನೆಲ್ ಪ್ರಿಸಂ ಅಂತ ತೆಳು ಹಾಳೆ ಬರುತ್ತದೆ. ತೊಂದರೆ ವಾರಗಳಲ್ಲಿ ಬದಲಾಗುವುದರಿಂದ ಪ್ರಿಸಂ ಸೇರಿಸಿದ ಹೊಸ ಲೆನ್ಸ್ ಮಾಡಿಸುವುದಕ್ಕಿಂತ ಮೊದಲು ಇದೇ ವಾಸಿ. ಅದು ಸಿಗುವವರೆಗೆ ಒಂದು ಗಾಜಿಗೆ ಮಸುಕು ಟೇಪ್ ಹಚ್ಚಿಕೊಳ್ಳಬಹುದು. ಎರಡಾಗಿ ಕಾಣುವಷ್ಟು ದಿನ ಗಾಡಿ ಮುಟ್ಟಬೇಡಿ. ಕಣ್ಣಿನ ಅಲುಗಾಟಕ್ಕೆ, ಅಂದರೆ ನಿಸ್ಟಾಗ್ಮಸ್‌ಗೆ, ಗ್ಯಾಬಪೆಂಟಿನ್ ಅಥವಾ ಮೆಮಂಟಿನ್ ಕೆಲವರಿಗೆ ಉಪಯೋಗಕ್ಕೆ ಬರುತ್ತವೆ, ಡಾಕ್ಟರ್ ಹತ್ತಿರ ಕೇಳಿ ನೋಡಿ.

ದೃಷ್ಟಿ ಪೂರ್ತಿ ಮರಳದೆ ಉಳಿದರೆ ಲೋ ವಿಷನ್ ಕ್ಲಿನಿಕ್‌ಗೆ ಹೋಗಿ. ಕುರುಡರಿಗೆ ಮಾತ್ರ ಅಂದುಕೊಂಡು ಬಹಳ ಜನ ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ಸರಿಯಾದ ಭೂತಗನ್ನಡಿ, ಬಣ್ಣದ ಗಾಜು, ಫೋನಿನ ಸೆಟ್ಟಿಂಗ್ ಎಲ್ಲ ನಿಮ್ಮ ಕಣ್ಣಿಗೆ ಹೊಂದಿಸಿ ಕೊಡುತ್ತಾರೆ. ಮನೆಯಲ್ಲಿ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಟೇಪ್ ಅಂಟಿಸಿ, ಬಿಳಿ ಲೋಟಕ್ಕೆ ಹಾಲಿನ ಬದಲು ಮೊದಲು ಡಿಕಾಕ್ಷನ್ ಹಾಕಿ. ಎಷ್ಟು ತುಂಬಿತು ಅಂತ ಕಾಣುತ್ತದೆ.