ಸೆಕೆಂಡ್ ಹ್ಯಾಂಡ್ ಸೆಸ್ನಾ ಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಪಡೆದ ಕನ್ನಡಿಗರು ಸ್ವಂತ ವಿಮಾನ ಹುಡುಕಲು ಹೊರಟರೆ ಪದೇ ಪದೇ ಕಣ್ಣಿಗೆ ಬೀಳುವುದು ನಾಲ್ಕು ಸೀಟಿನ ಸೆಸ್ನಾ 172. 1956ರಿಂದ ಈಚೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. 1986ರಲ್ಲಿ ನಿಂತ ತಯಾರಿಕೆ ಮತ್ತೆ ಶುರುವಾಗಿದ್ದು 1996ರಲ್ಲಿ. ಹಾಗಾಗಿ ಮಾರಾಟಕ್ಕಿರುವ ಎಷ್ಟೋ ವಿಮಾನಗಳಿಗೆ ಕೊಳ್ಳುವವರಿಗಿಂತ ಜಾಸ್ತಿ ವಯಸ್ಸು! ಅದಕ್ಕೆ ಹೆದರಬೇಕಿಲ್ಲ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ನಿಮ್ಮ ಹೆಸರಿಗೇ ನೋಂದಣಿ ಆಗಬೇಕಾದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್-1ಬಿಯಲ್ಲಿ ಇರುವವರು ಸಾಮಾನ್ಯವಾಗಿ ಟ್ರಸ್ಟ್ ಮೂಲಕ ಕೊಳ್ಳುತ್ತಾರೆ, ಅದರ ಖರ್ಚು ಬೇರೆ.

ಆಮೇಲೆ ತೂಕ. ಎಪ್ಪತ್ತರ ದಶಕದ 172ರ ಗರಿಷ್ಠ ತೂಕ 2,300 ಪೌಂಡ್. ಖಾಲಿ ವಿಮಾನವೇ ಸುಮಾರು 1,400, ಟ್ಯಾಂಕ್ ತುಂಬಿದರೆ ಇನ್ನೊಂದು 250. ಉಳಿದಿದ್ದರಲ್ಲಿ ನಾಲ್ವರು ದೊಡ್ಡವರು, ಸೂಟ್‌ಕೇಸು ಎಲ್ಲಾ ಹಿಡಿಸುವುದು ಕಷ್ಟ.

ಈಗ ಲಾಗ್‌ಬುಕ್. ಹೊಸ ಬಣ್ಣ, ಚಂದದ ಸೀಟು ನೋಡಿ ಮರುಳಾಗುವ ಮುಂಚೆ ಹಾರಿದ ಗಂಟೆ, ರಿಪೇರಿ ಎಲ್ಲಾ ಬರೆದಿಡುವ ಈ ಪುಸ್ತಕ ಓದಿ. 'ಎಂಜಿನ್ ಓಡಿದ್ದು ಬರೀ 600 ಗಂಟೆ' ಅಂತ ಜಾಹೀರಾತು ಹೇಳುತ್ತದೆ. 2,000 ಗಂಟೆಗೆ ಎಂಜಿನ್ ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲ್ ಅಲ್ವಾ, ಇನ್ನೂ ಬೇಕಾದಷ್ಟಿದೆ ಅನಿಸುತ್ತದೆ. ಆದರೆ ಒಂದು ವಾರ್ಷಿಕ ತಪಾಸಣೆಯಿಂದ ಇನ್ನೊಂದಕ್ಕೆ ಎಷ್ಟು ಗಂಟೆ ಕೂಡಿದೆ ನೋಡಿ. ವರ್ಷಕ್ಕೆ ಐದಾರು ಗಂಟೆ ಅಂತ ಕಂಡರೆ ಎಚ್ಚರ. 1968ರ ನಂತರದ 172ಗಳಲ್ಲಿರುವ ಲೈಕಮಿಂಗ್ ಎಂಜಿನ್‌ನ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಮೇಲ್ಭಾಗದಲ್ಲಿದೆ. ವಿಮಾನ ಸುಮ್ನೆ ನಿಂತರೆ ಆಯಿಲ್ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ, ಆಮೇಲೆ ಓಡಿಸಿದಾಗ ಸವೆಯುತ್ತದೆ. 1,400 ಗಂಟೆ ಆಗಿದ್ದರೂ ವಾರ ವಾರ ಹಾರುತ್ತಿದ್ದ ವಿಮಾನವನ್ನೇ ನಾನು ಆರಿಸುತ್ತೇನೆ. 1977ರಿಂದ 1980ರವರೆಗಿನ '172ಎನ್' ಆದರೆ ಕ್ಯಾಮ್ ಬಗ್ಗೆ ಇನ್ನೂ ಹೆಚ್ಚು ವಿಚಾರಿಸಿ. ಆ ಮಾದರಿಯ ಎಂಜಿನ್‌ಗೆ ಈ ವಿಷಯದಲ್ಲೇ ಕೆಟ್ಟ ಹೆಸರಿತ್ತು.

ಇಷ್ಟಾದರೂ ಮನಸ್ಸು ನಿಂತರೆ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಿ. ಮಾರುವವರ ವಿಮಾನವನ್ನು ಈವರೆಗೆ ನೋಡಿಕೊಂಡ ಮೆಕ್ಯಾನಿಕ್ ಮಾತ್ರ ಬೇಡ. ಆಯಿಲ್ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ ನೋಡಲು ಹೇಳಿ. ಬಿಸಿಲಿಗೆ ಹಿಡಿದಾಗ ಲೋಹದ ಚೂರು ಮಿನುಗಿದರೆ ಆ ವಿಮಾನ ಬಿಟ್ಟುಬಿಡಿ. ಸೀಟು ಹಿಂದೆ ಮುಂದೆ ಸರಿಯುವ ಹಳಿಯನ್ನೂ ಮರೆಯಬೇಡಿ. ಪಿನ್ ಕೂರುವ ತೂತು ಸವೆದು ಅಗಲವಾಗಿದ್ದರೆ ಟೇಕಾಫ್ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರಬಹುದು. ಪೈಲಟ್ ಕೈಯಲ್ಲಿ ಕಂಟ್ರೋಲ್ ಇರುತ್ತದೆ, ಅದೂ ಹಿಂದಕ್ಕೆ ಎಳೆದುಕೊಂಡು ವಿಮಾನದ ಮೂತಿ ವಿಪರೀತ ಮೇಲೇಳುತ್ತದೆ. ಇದರಿಂದ ಜೀವ ಹೋದದ್ದಿದೆ. ಅದಕ್ಕೇ ಈ ಹಳಿಗಳನ್ನು ಪರೀಕ್ಷಿಸಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಕಡ್ಡಾಯ ಆದೇಶವಿದೆ.

ವಿಮಾನದ ಮೇಲೆ ಸಾಲವಿದೆಯೇ ಎಂದು ಓಕ್ಲಹೋಮ ಸಿಟಿಯ ಎಫ್‌ಎಎ ದಾಖಲೆಗಳಲ್ಲಿ ಹುಡುಕಿಸಿ. 2020ರಿಂದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಮುತ್ತ ಹಾರಲು ವಿಮಾನ ಎಲ್ಲಿದೆ ಎಂದು ತಾನಾಗಿ ಬಿತ್ತರಿಸುವ ಎಡಿಎಸ್-ಬಿ ಸಾಧನ ಬೇಕು, ಇಲ್ಲದಿದ್ದರೆ ಅಷ್ಟು ಬೆಲೆ ಇಳಿಸಿ ಕೇಳಿ. ಮುಂಗಡ ಕೊಡುವಾಗ, ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕರೆ ಮಾರುವವರು ರಿಪೇರಿ ಮಾಡಿಸಬೇಕು ಇಲ್ಲವೇ ಹಣ ವಾಪಸ್ ಕೊಡಬೇಕು ಎಂದು ಬರೆಸಿಕೊಳ್ಳಿ.